ತೋಳು ತಿಂದ ಪಥ್ಯ

ಲಿವರ್ ಕೆಟ್ಟವರ ತೋಳು ಕರಗಿಸುವ ಕೆಲಸವನ್ನು ರೋಗ ಶುರುಮಾಡುತ್ತದೆ, ನಿಜ. ಮುಗಿಸುವವರು ನಾವು. ಮನೆಯವರು, ನೆಂಟರು, ಕಷಾಯ ಕೊಡುವವರು, ಎರಡು ನಿಮಿಷದಲ್ಲಿ ಚೀಟಿ ಗೀಚುವ ಡಾಕ್ಟರು, ಪ್ರೋಟೀನ್ ಡಬ್ಬಿ ಮಾರುವ ಅಂಗಡಿಯವರು, ಎಲ್ಲರೂ ಸೇರಿ ಗಂಜಿಯ ಪಥ್ಯ ಹಿಡಿಸಿ ಮುಗಿಸುತ್ತೇವೆ. ಆಮೇಲೆ ‘ಕುಡಿದು ಕುಡಿದು ಹೋದ’ ಎಂದು ಷರಾ ಬರೆದು ಕೈ ತೊಳೆದುಕೊಳ್ಳುತ್ತೇವೆ. ಒಂದು ಹನಿ ಹೆಂಡ ಮುಟ್ಟದೆ, ಹೆಪಟೈಟಿಸ್ ಬಿ ಸೋಂಕಿನಿಂದಲೋ ಲಿವರಿನಲ್ಲಿ ಕೊಬ್ಬು ತುಂಬಿಯೋ, ಲಿವರ್ ಕಲೆಗಟ್ಟಿ ಗಡಸಾಗುವ ಸಿರೋಸಿಸ್‌ಗೆ ಬಿದ್ದ ಹೆಂಗಸರಿಗೂ ಅದೇ ಗಂಜಿ, ಅದೇ ಪಥ್ಯ, ಅದೇ ಗತಿ.

ಯಾವುದಾದರೂ ದೊಡ್ಡಾಸ್ಪತ್ರೆಯ ವಾರ್ಡಿಗೆ ಹೋಗಿ ನೋಡಿ. ಹೊಟ್ಟೆಗೆ ನೀರು ತುಂಬಿ ಪಂಚೆ ಹೊಕ್ಕುಳ ಕೆಳಗೆ ಜಾರಿದೆ. ಕಣ್ಣಿನ ಪಕ್ಕದ ಕಣತಲೆ ಗುಳಿಬಿದ್ದಿದೆ. ಮಂಚದಿಂದ ಏಳಬೇಕೆಂದರೆ ಎರಡೂ ಕೈ ಊರಬೇಕು. ತೂಕದ ಯಂತ್ರ ಮಾತ್ರ 62 ಕೆ.ಜಿ. ಎನ್ನುತ್ತದೆ. ಅದರಲ್ಲಿ ಎಂಟು–ಹತ್ತು ಕೆ.ಜಿ. ಬರೀ ಹೊಟ್ಟೆಯ ನೀರು. ‘ತೂಕವೇನೂ ಇಳಿದಿಲ್ಲವಲ್ಲ’ ಎಂದು ಬರೆದುಕೊಂಡು ಮುಂದಿನ ಮಂಚಕ್ಕೆ ಹೋಗುತ್ತಾರೆ. ತೋಳಿಗೆ ಒಂದು ಟೇಪು ಸುತ್ತಲು, ಮುಷ್ಟಿಯ ಹಿಡಿತ ಎಷ್ಟಿದೆ ಎಂದು ನೋಡಲು ಯಾರಿಗೂ ಪುರುಸೊತ್ತಿಲ್ಲ. ಪಕ್ಕದಲ್ಲಿ ಸ್ಟೀಲ್ ಡಬ್ಬಿ, ಅದರಲ್ಲಿ ಗಂಜಿ, ಮುಚ್ಚಳದ ಮೇಲೆ ನಿಂಬೆಕಾಯಿ ಉಪ್ಪಿನಕಾಯಿ. ಹೊಟ್ಟೆಗೆ ನೀರು ತುಂಬಿದವರಿಗೆ ಕಡಿಮೆ ಮಾಡಬೇಕಾದದ್ದು ಉಪ್ಪು. ನಾವು ಬೇಳೆ, ಮೊಟ್ಟೆ, ಮೊಸರು ಕಿತ್ತುಕೊಂಡು ಉಪ್ಪಿನಕಾಯಿ ಬಿಟ್ಟುಕೊಟ್ಟಿದ್ದೇವೆ!

ಲೆಕ್ಕ ಹಾಕಿ. ಮೂರು ಹೊತ್ತಿನ ಗಂಜಿಗೆ 150 ಗ್ರಾಂ ಅಕ್ಕಿ ಹಾಕಿದರೆ ಸಿಗುವ ಪ್ರೋಟೀನ್ 12 ಗ್ರಾಂ. ಬೇಕಾದದ್ದೆಷ್ಟು? ಯುರೋಪಿನ ಲಿವರ್ ವೈದ್ಯರ ಸಂಘ 2019ರ ಮಾರ್ಗಸೂಚಿಯಲ್ಲಿ ಹೇಳಿದಂತೆ, ದೇಹದ ಪ್ರತಿ ಕೆ.ಜಿ.ಗೆ ದಿನಕ್ಕೆ 1.2ರಿಂದ 1.5 ಗ್ರಾಂ, ಅದೂ ನೀರಿನ ತೂಕ ಕಳೆದು. 50 ಕೆ.ಜಿ.ಯವರಿಗೆ ಕನಿಷ್ಠ 60 ಗ್ರಾಂ. ನಮ್ಮ ದೇಶದ ಲಿವರ್ ತಜ್ಞರೂ ಹೆಚ್ಚುಕಡಿಮೆ ಇದನ್ನೇ ಬರೆದಿಟ್ಟಿದ್ದಾರೆ. ಅರವತ್ತು ಬೇಕಾದಲ್ಲಿ ಹನ್ನೆರಡು ಕೊಟ್ಟು ಅದನ್ನು ಪಥ್ಯ ಎನ್ನುತ್ತೇವೆ.

ಇನ್ನು ರಾತ್ರಿಯ ಕಥೆ. ಗಟ್ಟಿಮುಟ್ಟಾದ ಲಿವರ್ ರಾತ್ರಿಯ ಖರ್ಚಿಗೆಂದು ಸಕ್ಕರೆಯನ್ನು ಗ್ಲೈಕೋಜನ್ ಮಾಡಿ ಕೂಡಿಡುತ್ತದೆ. ಸಿರೋಸಿಸ್ ಆದ ಲಿವರಿಗೆ ಆ ತಾಕತ್ತು ಉಳಿದಿರುವುದಿಲ್ಲ. ಆಗ ಸೌದೆ ಮುಗಿದ ಮನೆಯವರು ತೊಲೆ ಕಿತ್ತು ಒಲೆಗೆ ಇಟ್ಟ ಹಾಗೆ ದೇಹ ತನ್ನ ಸ್ನಾಯುವನ್ನೇ ಸುಡುತ್ತದೆ. ಆರೋಗ್ಯವಂತರು ಎರಡು–ಮೂರು ದಿನ ಉಪವಾಸ ಬಿದ್ದರೆ ಆಗುವುದು ಇವರಿಗೆ ಒಂದೇ ರಾತ್ರಿಯಲ್ಲಿ ಆಗುತ್ತದೆ ಎಂದು 1983ರಲ್ಲೇ ಸಂಶೋಧಕರು ಅಳೆದು ತೋರಿಸಿದ್ದಾರೆ. ಹೀಗಿರುವಾಗ ಆಸ್ಪತ್ರೆಯಲ್ಲಿ ಏನು ನಡೆಯುತ್ತದೆ? ‘ನಾಳೆ ಸ್ಕ್ಯಾನಿಂಗ್ ಇದೆ, ರಾತ್ರಿಯಿಂದ ಏನೂ ಕೊಡಬೇಡಿ.’ ಬೆಳಿಗ್ಗೆ ಸಾಲು, ಮಧ್ಯಾಹ್ನ ಮೆಷಿನ್ ಕೆಟ್ಟಿದೆ, ಸಂಜೆ ‘ನಾಳೆ ಬನ್ನಿ, ಹೊಟ್ಟೆ ಖಾಲಿ ಇರಲಿ’. ಎರಡು ದಿನ ಹೀಗೆ ಕಳೆದರೆ ಎಷ್ಟು ತೋಳು ಸುಟ್ಟಿತು ಎಂದು ಯಾವ ರಿಪೋರ್ಟಿನಲ್ಲೂ ಬರೆಯುವುದಿಲ್ಲ.

ರಾತ್ರಿಯ ಈ ನಷ್ಟ ತಡೆಯಬಹುದೇ ಎಂದು ನೋಡಲು ನ್ಯೂಜಿಲೆಂಡಿನಲ್ಲಿ ಸಿರೋಸಿಸ್ ರೋಗಿಗಳಿಗೆ ಒಂದೇ ಬಗೆಯ ಪೋಷಕ ಪೇಯ ಕೊಟ್ಟರು, ಎಲ್ಲರಿಗೂ ದಿನಕ್ಕೆ 710 ಕ್ಯಾಲರಿಯಷ್ಟು. ಕೆಲವರಿಗೆ ಹಗಲು, ಕೆಲವರಿಗೆ ರಾತ್ರಿ ಒಂಬತ್ತರ ನಂತರ. ಒಂದು ವರ್ಷದಲ್ಲಿ ರಾತ್ರಿ ಕುಡಿದವರ ಮೈಯಲ್ಲಿ ಪ್ರೋಟೀನ್ ಕೂಡಿತು, ಸುಮಾರು ಎರಡು ಕೆ.ಜಿ. ಮಾಂಸಖಂಡಕ್ಕೆ ಸಮನಾದಷ್ಟು. ಹಗಲು ಕುಡಿದವರಿಗೆ ಆ ಲಾಭ ದಕ್ಕಲಿಲ್ಲ. ಇದು ಪ್ರಕಟವಾದದ್ದು 2008ರಲ್ಲಿ. ‘ಮಲಗುವ ಮುಂಚೆ ಏನಾದರೂ ತಿನ್ನಿಸಿ’ ಎಂಬ ನಾಲ್ಕು ಪದ ನಮ್ಮ ಚೀಟಿಗಳಿಗೆ ಇನ್ನೂ ಬಂದು ತಲುಪಿಲ್ಲ.

‘ಪ್ರೋಟೀನ್ ತಿಂದರೆ ತಲೆಗೆ ಏರುತ್ತದೆ’ ಎಂಬ ಭಯ ಎಲ್ಲಿಯದು? 1893ರಲ್ಲಿ ರಷ್ಯಾದ ವಿಜ್ಞಾನಿ ಪಾವ್ಲೋವ್ ಮತ್ತು ಸಂಗಡಿಗರು, ಕರುಳಿನ ರಕ್ತವನ್ನು ಲಿವರ್ ತಪ್ಪಿಸಿ ಹರಿಸಿದ ನಾಯಿಗಳಿಗೆ ಮಾಂಸ ತಿನ್ನಿಸಿದರು, ನಾಯಿಗಳು ಮಂಕಾದವು. 1950ರ ದಶಕದ ಹೊತ್ತಿಗೆ ಅದು ಮನುಷ್ಯರ ಊಟದ ನಿಯಮವೇ ಆಗಿಹೋಯಿತು. ಪ್ರೋಟೀನಿನಿಂದ ಹುಟ್ಟುವ ಅಮೋನಿಯಾ ರಕ್ತದಲ್ಲಿ ಏರಿ ರೋಗಿಗೆ ಮಂಪರು ಕವಿಯುವುದು, ಮಾತು ತಪ್ಪುವುದು, ಕೈ ಅದುರುವುದು ಸುಳ್ಳಲ್ಲ. ಆದರೆ ಲಿವರ್ ಕೈಬಿಟ್ಟ ಮೇಲೆ ಆ ಅಮೋನಿಯಾವನ್ನು ಹೀರಿಕೊಳ್ಳುವುದೇ ಸ್ನಾಯು. ಅದನ್ನು ಕರಗಿಸಿದರೆ ಮಂಪರು ಇನ್ನೂ ಬೇಗ ಬರುತ್ತದೆ. ಬಾರ್ಸಿಲೋನಾದಲ್ಲಿ ಮಂಪರಿಗೆ ಬಿದ್ದ ರೋಗಿಗಳಿಗೇ ಪ್ರೋಟೀನ್ ಕಡಿಮೆ ಮಾಡಿ ನೋಡಿದರು, 2004ರಲ್ಲಿ. ಕಡಿಮೆ ಮಾಡಿದ್ದರಿಂದ ಚೇತರಿಕೆ ಬೇಗ ಬರಲಿಲ್ಲ, ಮೈಯ ಪ್ರೋಟೀನ್ ಮಾತ್ರ ಹೆಚ್ಚು ಒಡೆಯಿತು. ಎರಡು ದಶಕ ಆಯಿತು ಸ್ವಾಮಿ. ಇನ್ನೂ ‘ಮೊಟ್ಟೆ ಬೇಡ, ಬೇಳೆ ಬೇಡ’ ಎಂದು ಹೇಳುವ ಬಾಯಿಗಳಿಗೆ ಏನೆನ್ನಬೇಕು?

ಊಟ ಕಿತ್ತುಕೊಂಡವರ ಹಿಂದೆಯೇ ಡಬ್ಬಿಯವರು ಬರುತ್ತಾರೆ. ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಅಮೈನೋ ಆಮ್ಲಗಳ ಪುಡಿಯಿಂದ ಮಂಪರು ಮರುಕಳಿಸುವ ರೋಗಿಗಳಿಗೆ ಉಪಯೋಗವಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಊಟ ಸೇರದವರಿಗೆ ಡಾಕ್ಟರು ನೋಡಿ ಬರೆದ ಪೋಷಕ ಪೇಯವೂ ಬೇಕು. ಆದರೆ ಬಡವನ ಹೆಂಡತಿ ಓಲೆ ಅಡವಿಟ್ಟು ತರುವುದು ಜಿಮ್ಮಿನ ಹುಡುಗರ ಡಬ್ಬಿಯನ್ನು. ಕೇರಳದ ವೈದ್ಯರು ಭಾರತದಲ್ಲಿ ಮಾರುವ 36 ಪ್ರೋಟೀನ್ ಪುಡಿಗಳನ್ನು ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದರು: ನೂರಕ್ಕೆ ಸುಮಾರು 70ರಲ್ಲಿ ಲೇಬಲ್ಲಿನ ಪ್ರೋಟೀನ್ ಲೆಕ್ಕವೇ ತಪ್ಪು, ಕೆಲವಲ್ಲಿ ಹೇಳಿದ್ದರ ಅರ್ಧವೂ ಇಲ್ಲ, ನೂರಕ್ಕೆ ಸುಮಾರು 14ರಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ. ಆ ವಿಷ ಲಿವರ್ ಕ್ಯಾನ್ಸರ್ ತರುವಂಥದ್ದು! ಕಷಾಯದವರೂ ಹಿಂದೆ ಬಿದ್ದಿಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಕುಡಿದು ಲಿವರ್ ಕೆಡಿಸಿಕೊಂಡ 43 ಜನರ ವಿವರವನ್ನು ದೇಶದ 13 ಆಸ್ಪತ್ರೆಗಳ ವೈದ್ಯರು 2022ರಲ್ಲಿ ಹೊರಗಿಟ್ಟರು. ಬಳ್ಳಿ ಈಗಲೂ ಕುಂಡದಲ್ಲಿ ಹಬ್ಬುತ್ತಲೇ ಇದೆ.

ಸರ್ಕಾರವನ್ನು ಬಿಡಲೇ? 2007ರಲ್ಲಿ ಸಾರಾಯಿ ನಿಲ್ಲಿಸಿದೆವು ಎಂದು ಎದೆ ತಟ್ಟಿಕೊಂಡ ನಮ್ಮ ರಾಜ್ಯ, 2025–26ರ ಬಜೆಟ್ಟಿನಲ್ಲಿ ಅಬಕಾರಿಗೆ ಇಟ್ಟ ಗುರಿ 40,000 ಕೋಟಿ ರೂಪಾಯಿ. ಕುಡಿಸುವ ಗುರಿಗೆ ಅಂಕಿ ಇದೆ. ಕುಡಿದು ಬಿದ್ದವನಿಗೆ ರಾತ್ರಿ ಹತ್ತಕ್ಕೆ ಒಂದು ಲೋಟ ಹಾಲು, ಒಂದು ಹಿಡಿ ಹುರಿಗಡಲೆ ಕೊಡುವುದಕ್ಕೆ ಯಾವ ಅಂಕಿ ಇದೆ, ತೋರಿಸಿ.

ಅರವತ್ತು ಗ್ರಾಂ ಎಂದರೆ ಬೆಟ್ಟವೇನಲ್ಲ. ಎರಡು ಮೊಟ್ಟೆ, ಅರ್ಧ ಲೀಟರ್ ಹಾಲು–ಮೊಸರು, ನೂರು ಗ್ರಾಂ ಬೇಳೆಕಾಳು, ಹೊಟ್ಟೆ ತುಂಬ ಮುದ್ದೆಯೋ ಅನ್ನವೋ ಆದರೆ ಮುಗಿಯಿತು. ಮೊಟ್ಟೆ ತಿನ್ನದವರಿಗೆ ಹೆಸರುಕಾಳು, ಕಡಲೆ ಇವೆ. ಕಾಳು ಮತ್ತು ಹಾಲಿನ ಪ್ರೋಟೀನ್ ಈ ರೋಗಿಗಳಿಗೆ ಮಾಂಸದ್ದಕ್ಕಿಂತ ಚೆನ್ನಾಗಿ ಒಗ್ಗುತ್ತದೆ.

ಮನೆಯಲ್ಲಿ ಇಂಥ ರೋಗಿ ಇದ್ದರೆ ಡಾಕ್ಟರ ಮುಂದೆ ಕೈಕಟ್ಟಿ ನಿಲ್ಲಬೇಡಿ, ಕೇಳಿ: ‘ಇವರು ದಿನಕ್ಕೆ ಎಷ್ಟು ಗ್ರಾಂ ಪ್ರೋಟೀನ್ ತಿನ್ನಬೇಕು, ಮಲಗುವಾಗ ಏನು ಕೊಡಬೇಕು, ಈ ಡಬ್ಬಿ ಬೇಕೋ ಬೇಡವೋ, ಚೀಟಿಯಲ್ಲಿ ಬರೆದುಕೊಡಿ.’ ಬರೆದುಕೊಡುವವರೆಗೂ ಕುರ್ಚಿ ಬಿಟ್ಟು ಏಳಬೇಡಿ.