ನಾವು ಯಾರ ಪಕ್ಷದವರು?

ಆಟವಾಡುವವನಿಗೆ ಸೋಲು ಬಂದರೆ ಅದಕ್ಕೆ ಔಷಧವುಂಟು. ಮರುದಿನ ಬೆಳಿಗ್ಗೆ ಎದ್ದು ಅಭ್ಯಾಸ ಮಾಡಬಹುದು. ಮುಂದಿನ ಪಂದ್ಯದಲ್ಲಿ ಸೇಡು ತೀರಿಸಿಕೊಳ್ಳಬಹುದು. ನೋಡುವವನ ಪಾಡು ಹಾಗಲ್ಲ. ಅವನು ಚೆಂಡನ್ನು ಮುಟ್ಟಿಲ್ಲ, ದಾಂಡನ್ನು ಹಿಡಿದಿಲ್ಲ, ತಂಡವನ್ನು ಆರಿಸಿದವನೂ ಅಲ್ಲ. ಆದರೂ ರಾತ್ರಿ ಊಟ ಸೇರದವನು ಅವನೇ. ತನ್ನ ಕೈಯಲ್ಲಿ ಏನೇನೂ ಇಲ್ಲದ ಒಂದು ವ್ಯವಹಾರಕ್ಕೆ ತನ್ನ ಸುಖದುಃಖಗಳನ್ನೆಲ್ಲ ಒತ್ತೆಯಿಟ್ಟ ಈ ವಿಚಿತ್ರ ಪ್ರಾಣಿಗೆ ಕ್ರೀಡಾಭಿಮಾನಿಯೆಂದು ಹೆಸರು. ನಮ್ಮ ಶಾಲೆಯಲ್ಲಿ ಈ ವರ್ಗಕ್ಕೆ ಕೊರತೆಯಿಲ್ಲ. ಅಧ್ಯಾಪಕರ ಕೊಠಡಿಯೂ ಇದಕ್ಕೆ ಹೊರತಲ್ಲ.

ಪ್ರತಿವರ್ಷ ಬಿಸಿಲೂ ಪರೀಕ್ಷೆಯ ಕಾವೂ ಜೊತೆಜೊತೆಯಾಗಿ ಏರುವ ಹೊತ್ತಿಗೆ ಐ.ಪಿ.ಎಲ್. ಪಂದ್ಯಗಳು ಆರಂಭವಾಗುತ್ತವೆ. ಅದರೊಂದಿಗೆ ನಮ್ಮ ಶಾಲೆಯ ಮೆಟ್ಟಿಲುಗಳ ಮೇಲೆ ಒಂದು ಜಗಳವೂ ಆರಂಭವಾಗುತ್ತದೆ. ಬೆಂಗಳೂರಿನ ಕೆಂಪು ಅಂಗಿಯವರು ಮುಂಬಯಿಯ ನೀಲಿ ಅಂಗಿಯವರನ್ನು ಮೂದಲಿಸುವುದು, ಇವರು ಅವರನ್ನು ಹಂಗಿಸುವುದು, ಇಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಅದು ಆಟದ ಉಪ್ಪುಖಾರ. ಆದರೆ "ಮುಂಬಯಿಯ ಪಕ್ಷ ವಹಿಸುವವನು ಕನ್ನಡಿಗನೇ ಅಲ್ಲ" ಎಂಬ ಮಾತು ಈಚೆಗೆ ಕಿವಿಗೆ ಬೀಳತೊಡಗಿದೆ. ಆ ಮಾತನ್ನು ಕೇಳಿ ತಲೆ ತಗ್ಗಿಸಿ ನಡೆದ ಮಕ್ಕಳನ್ನೂ ಕಂಡಿದ್ದೇವೆ. ಕನ್ನಡತನವನ್ನು ಅಂಗಿಯ ಬಣ್ಣದಿಂದ ತೀರ್ಮಾನಿಸುವುದು ನಮಗೆ ಒಪ್ಪಿಗೆಯಿಲ್ಲ. ಹಾಗೆಂದು ಕೆಂಪು ಅಂಗಿಯವರ ನಿಷ್ಠೆಯನ್ನು ಹಗುರವಾಗಿ ಕಾಣುವವರೂ ನಾವಲ್ಲ.

ಆ ನಿಷ್ಠೆ ಪಟ್ಟ ಪಾಡನ್ನು ಸ್ವಲ್ಪ ನೋಡಿರಿ. ಪಂದ್ಯಾವಳಿ ಆರಂಭವಾದದ್ದು ೨೦೦೮ರಲ್ಲಿ. ೨೦೦೯ರ ಅಂತಿಮ ಪಂದ್ಯ ಜೋಹಾನ್ಸ್‌ಬರ್ಗಿನಲ್ಲಿ ನಡೆಯಿತು. ಅಂದು ನಾಯಕ ಅನಿಲ ಕುಂಬ್ಳೆಯವರು ಕೇವಲ ೧೬ ಓಟಗಳನ್ನು ಕೊಟ್ಟು ೪ ವಿಕೆಟ್ಟು ಪಡೆದರು. ಬೆಂಗಳೂರು ೬ ಓಟಗಳಿಂದ ಸೋತಿತು. ೨೦೧೧ರಲ್ಲಿ ಚೆನ್ನೈಯ ಎದುರು ಮತ್ತೆ ಸೋಲು. ೨೦೧೬ರಲ್ಲಿ ತಮ್ಮದೇ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, ತಮ್ಮದೇ ಜನರ ಎದುರು, ೮ ಓಟಗಳ ಸೋಲು. ಮರುವರ್ಷ ಕಲಕತ್ತೆಯಲ್ಲಿ ಇಡೀ ತಂಡ ೪೯ ಓಟಗಳಿಗೆ ಮಗುಚಿಕೊಂಡಿತು. "ಈ ಸಲ ಕಪ್ ನಮ್ದೆ" ಎಂಬ ಘೋಷಣೆ ದೇಶಕ್ಕೆಲ್ಲ ನಗೆಯ ವಸ್ತುವಾಯಿತು. ಆದರೂ ಆ ಘೋಷಣೆಯನ್ನು ಕೂಗುವವರು ಕಡಿಮೆಯಾಗಲಿಲ್ಲ. ಕೊನೆಗೆ ೨೦೨೫ರ ಜೂನ್ ೩ರಂದು, ಹದಿನೆಂಟನೆಯ ಸಲ, ಅಹಮದಾಬಾದಿನಲ್ಲಿ ಪಂಜಾಬನ್ನು ೬ ಓಟಗಳಿಂದ ಸೋಲಿಸಿ ಗೆದ್ದರು. ಕಸಿದುಕೊಂಡ ಆರನ್ನೇ ವಿಧಿ ಹಿಂದಿರುಗಿಸಿತೆಂದು ಅಭಿಮಾನಿಗಳು ಲೆಕ್ಕ ಹಾಕುತ್ತಾರೆ. ಅಭಿಮಾನಿಯ ಗಣಿತವೇ ಬೇರೆ. ಮಹಿಳೆಯರ ತಂಡ ಒಂದು ವರ್ಷ ಮೊದಲೇ, ೨೦೨೪ರಲ್ಲಿ, ತಮ್ಮ ಪಂದ್ಯಾವಳಿಯನ್ನು ಗೆದ್ದು ದಾರಿ ತೋರಿಸಿತ್ತೆಂಬುದನ್ನು ಮಾತ್ರ ಗಂಡುಹುಡುಗರು ಮರೆಯತಕ್ಕದ್ದಲ್ಲ.

ಇನ್ನು ಆ ಗೆದ್ದವರು ಯಾರೆಂಬುದನ್ನು ನೋಡೋಣ. ಪುರುಷರ ತಂಡದ ನಾಯಕ ರಜತ ಪಾಟೀದಾರರು ಇಂದೂರಿನವರು. ಹದಿನೆಂಟು ವರ್ಷವೂ ಅದೇ ತಂಡದಲ್ಲಿ ಆಡಿದ ವಿರಾಟ ಕೊಹ್ಲಿಯವರು ದೆಹಲಿಯವರು. ಅಂತಿಮ ಪಂದ್ಯದಲ್ಲಿ ಆಡಿದವರ ಪೈಕಿ ಕರ್ನಾಟಕದ ರಣಜಿ ತಂಡದಿಂದ ಬಂದವರು ಮಯಂಕ ಅಗರವಾಲರೊಬ್ಬರೇ. ಮಹಿಳೆಯರ ತಂಡದ ನಾಯಕಿ ಸ್ಮೃತಿ ಮಂಧಾನಾ ಹುಟ್ಟಿದ್ದು ಇದೇ ಮುಂಬಯಿಯಲ್ಲಿ, ಬೆಳೆದದ್ದು ಸಾಂಗಲಿಯಲ್ಲಿ. ಅದೇ ವರ್ಷದ ಏಪ್ರಿಲ್ ೧೦ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಬೆಂಗಳೂರನ್ನು ಸೋಲಿಸಿದವರಾರು? ಬೆಂಗಳೂರಿನಲ್ಲಿ ಹುಟ್ಟಿ ಸುರತ್ಕಲ್ಲಿನಲ್ಲಿ ಬೆಳೆದ ಕೆ. ಎಲ್. ರಾಹುಲರು! ದೆಹಲಿಯ ಪರವಾಗಿ ಅಜೇಯರಾಗಿ ೯೩ ಓಟ ಗಳಿಸಿ, ದಾಂಡಿನಿಂದ ನೆಲದ ಮೇಲೆ ವೃತ್ತವೊಂದನ್ನು ಎಳೆದು, ಇದು ನನ್ನ ನೆಲವೆಂಬಂತೆ ಅದರ ನಡುವೆ ದಾಂಡನ್ನು ಊರಿದರು. ಅಂದು ಕನ್ನಡಿಗನಾದವನು ಯಾರಿಗೆ ಚಪ್ಪಾಳೆ ತಟ್ಟಬೇಕಾಗಿತ್ತು? ಇದಕ್ಕೆ ಉತ್ತರ ಹೇಳಬಲ್ಲವರು ಮೆಟ್ಟಿಲುಗಳ ಮೇಲಿನ ಜಗಳವನ್ನು ಮುಂದುವರಿಸಬಹುದು. ಹರಾಜಿನಲ್ಲಿ ಕೂಡಿದ ತಂಡಗಳು ಇವು. ಇವುಗಳ ಮೇಲೆ ಪ್ರೀತಿ ಇಡಬಾರದೆಂದಲ್ಲ, ಭಾಷೆಯ ಮಾನವನ್ನು ಇವುಗಳ ಹೆಗಲಿಗೆ ಹೇರಬಾರದು.

ಭಾಷೆಗೂ ನಾಡಿಗೂ ಹತ್ತಿರವಾದ ಅಭಿಮಾನ ಬೇಕೆನ್ನುವವರಿಗೆ ರಣಜಿ ಪಂದ್ಯಗಳಿವೆ. ಆ ಕಥೆಯನ್ನು ನಿಮ್ಮ ಅಜ್ಜಂದಿರನ್ನು ಕೇಳಿರಿ. ೧೯೫೮-೫೯ರಿಂದ ೧೯೭೨-೭೩ರ ವರೆಗೆ ಸತತವಾಗಿ ಹದಿನೈದು ವರ್ಷ ಮುಂಬಯಿಯೇ ವಿಜಯಿ. ನಮ್ಮ ತಂಡಕ್ಕೆ ಆಗ ಮೈಸೂರೆಂದು ಹೆಸರು. ೧೯೭೩ರ ನವೆಂಬರ್ ೧ರಂದು ರಾಜ್ಯಕ್ಕೆ ಕರ್ನಾಟಕವೆಂದು ನಾಮಕರಣವಾಯಿತು. ಅದೇ ಋತುವಿನ ಉಪಾಂತ್ಯ ಪಂದ್ಯ ಬೆಂಗಳೂರಿನಲ್ಲಿ. ಗುಂಡಪ್ಪ ವಿಶ್ವನಾಥರು ೧೬೨ ಓಟ ಗಳಿಸಿದರು, ಬ್ರಿಜೇಶ ಪಟೇಲರು ಶತಕ ಹೊಡೆದರು. ಎರಪಳ್ಳಿ ಪ್ರಸನ್ನರ ಚೆಂಡು ಗಾವಸ್ಕರರ ವಿಕೆಟ್ಟನ್ನು ಉರುಳಿಸಿತು. ವಾಡೇಕರರು ಓಡುತ್ತ ಜಾರಿ ಬಿದ್ದು ಔಟಾದರು. ಮೊದಲ ಇನ್ನಿಂಗ್ಸಿನ ಮುನ್ನಡೆಯಿಂದ ಕರ್ನಾಟಕ ಗೆದ್ದಿತು. ಬಳಿಕ ಜಯಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ರಣಜಿ ಟ್ರೋಫಿಯನ್ನು ತಂದಿತು. ಮುಂಬಯಿಯಲ್ಲಿ ಹೊಟ್ಟೆ ಹೊರೆದುಕೊಳ್ಳುತ್ತಿದ್ದ ಕನ್ನಡಿಗನಿಗೆ ಅಂದಿನ ಸುದ್ದಿ ಎಷ್ಟು ಸಿಹಿಯಾಗಿದ್ದಿರಬೇಕು! ತಾನು ದುಡಿಯುವ ಊರಿನ ಹದಿನೈದು ವರ್ಷಗಳ ಪ್ರಾಬಲ್ಯವನ್ನು ತಾನು ಬಿಟ್ಟುಬಂದ ನಾಡು ಮುರಿದಿತ್ತು. ಸಂತೋಷವನ್ನು ಗಟ್ಟಿಯಾಗಿ ಹೇಳುವಂತಿಲ್ಲ, ಒಳಗೆ ಇಟ್ಟುಕೊಳ್ಳುವಂತೆಯೂ ಇಲ್ಲ.

ಆ ಸಂತೋಷ ಒಂದೇ ವರ್ಷದ್ದು. ೧೯೭೪-೭೫ರಲ್ಲಿ ಮುಂಬಯಿ ಅಂತಿಮ ಪಂದ್ಯದಲ್ಲಿ ಕರ್ನಾಟಕವನ್ನೇ ಸೋಲಿಸಿ ಟ್ರೋಫಿಯನ್ನು ಮರಳಿ ಪಡೆಯಿತು. ೧೯೮೧-೮೨ರ ಅಂತಿಮ ಪಂದ್ಯದಲ್ಲಿ ಕರ್ನಾಟಕ ೭೦೫ ಓಟಗಳನ್ನು ಕೂಡಿಹಾಕಿತು. ಇನ್ನೇನು ಬೇಕು? ದೆಹಲಿ ಎಂಟು ವಿಕೆಟ್ಟಿಗೆ ೭೦೭ ಓಟ ಹೊಡೆಯಿತು. ಮರುವರ್ಷ ವಾಂಖೇಡೆಯಲ್ಲಿ ಮುಂಬಯಿಯ ಮೇಲೆಯೇ ಗೆಲುವು ದೊರೆತು ಗಾಯ ಮಾಯಿತೆನ್ನಿರಿ. ೨೦೧೦ರ ಜನವರಿಯಲ್ಲಿ ಮೈಸೂರಿನಲ್ಲಿ ೩೩೮ ಓಟಗಳನ್ನು ಬೆನ್ನಟ್ಟಿದಾಗ ಮನೀಶ ಪಾಂಡೆಯವರ ೧೪೪ ಓಟಗಳೂ ಸಾಲದೆ ಹೋದವು. ಮುಂಬಯಿ ಗೆದ್ದದ್ದು ೬ ಓಟಗಳಿಂದ. (ಮತ್ತೆ ಆರು!) ೨೦೧೫ರ ಮಾರ್ಚಿನಲ್ಲಿ ಕರ್ನಾಟಕವು ತಮಿಳುನಾಡನ್ನು ಇನ್ನಿಂಗ್ಸಿನಿಂದ ಸೋಲಿಸಿದ್ದು, ಕರುಣ ನಾಯರರು ೩೨೮ ಓಟ ಗಳಿಸಿದ್ದು, ಇದೇ ನಗರದ ವಾಂಖೇಡೆ ಕ್ರೀಡಾಂಗಣದಲ್ಲಿ. ನಮ್ಮ ಮನೆಗಳಿಂದ ಲೋಕಲ್ ರೈಲಿನಲ್ಲಿ ಹೋಗಿ ನೋಡಬಹುದಾಗಿದ್ದ ಆಟ. ಕೆಂಪು ಅಂಗಿ ತೊಟ್ಟು ಗಂಟಲು ಹರಿದುಕೊಳ್ಳುವವರಲ್ಲಿ ಎಷ್ಟು ಮಂದಿಗೆ ಈ ಪಂದ್ಯದ ಹೆಸರಾದರೂ ಗೊತ್ತು?

ಇನ್ನು ನೀಲಿ ಅಂಗಿಯ ಮಕ್ಕಳ ವಿಷಯ. ಅವರು ಹುಟ್ಟಿದ್ದು ಇಲ್ಲಿ. ಸಚಿನ ತೆಂಡೂಲ್ಕರರು ಆಡಿ ಬೆಳೆದ ಶಿವಾಜಿ ಪಾರ್ಕನ್ನು ಅವರು ಕಣ್ಣಾರೆ ಕಂಡಿದ್ದಾರೆ. ಊರಿನ ಮೈದಾನವನ್ನು ಕಂಡದ್ದು ಬೇಸಿಗೆಯ ರಜೆಯಲ್ಲಿ ಮಾತ್ರ. ತಾನು ನಿತ್ಯ ನಡೆಯುವ ಊರನ್ನು ಮಗು ಪ್ರೀತಿಸಿದರೆ ಅದು ದ್ರೋಹವೆ? ರಾಹುಲ ದ್ರಾವಿಡರನ್ನು ನೆನೆಯಿರಿ. ಹುಟ್ಟಿದ್ದು ಇಂದೂರಿನಲ್ಲಿ, ಮನೆಮಾತು ಮರಾಠಿ. ಬೆಳೆದದ್ದು ಬೆಂಗಳೂರಿನಲ್ಲಿ, ಆಡಿದ್ದು ಕರ್ನಾಟಕಕ್ಕಾಗಿ. ಕನ್ನಡಿಗರು ಅವರನ್ನು ತಮ್ಮವರೆಂದು ಎದೆಗೆ ಅಪ್ಪಿಕೊಂಡರಲ್ಲದೆ, ಮನೆಯಲ್ಲಿ ಯಾವ ಭಾಷೆಯೆಂದು ವಿಚಾರಿಸುತ್ತ ಕೂರಲಿಲ್ಲ. ಬೆಂಗಳೂರು ಮರಾಠಿ ಮನೆಯ ಹುಡುಗನಿಗೆ ಕೊಟ್ಟ ಜಾಗವನ್ನು ಮುಂಬಯಿ ಕನ್ನಡದ ಮನೆಯ ಹುಡುಗನಿಗೆ ಕೊಡುತ್ತಿರುವಾಗ ಅಡ್ಡ ಬರಲು ನಾವು ಯಾರು? ಕನ್ನಡ ಶಾಲೆಗೆ ದಿನವೂ ಬಂದು ಕನ್ನಡದಲ್ಲಿ ಲೆಕ್ಕ ಬಿಡಿಸುವ, ವಿಜ್ಞಾನ ಬರೆಯುವ ಹುಡುಗನಿಗೆ ಕನ್ನಡತನದ ಪ್ರಮಾಣಪತ್ರವನ್ನು ಇನ್ನೊಬ್ಬ ಹುಡುಗ ಕೊಡಬೇಕಾಗಿಲ್ಲ.

ಕೂಗು ಹೆಚ್ಚಾದಷ್ಟೂ ಅಭಿಮಾನ ಹೆಚ್ಚೆಂಬ ಭ್ರಮೆಯೊಂದು ಹಬ್ಬಿದೆ. ೨೦೨೫ರ ಜೂನ್ ೪ರಂದು, ಗೆಲುವಿನ ಮರುದಿನ, ವಿಜಯೋತ್ಸವ ನೋಡಲು ಬಂದ ಜನಸ್ತೋಮದ ನೂಕುನುಗ್ಗಲಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಹನ್ನೊಂದು ಮಂದಿ ಪ್ರಾಣ ಬಿಟ್ಟರು. ಅವರಲ್ಲಿ ನಿಮ್ಮ ವಯಸ್ಸಿನವರೂ ಇದ್ದರು. ತಮ್ಮ ತಂಡವನ್ನು ಹತ್ತಿರದಿಂದ ಒಮ್ಮೆ ನೋಡಬೇಕೆಂಬುದಲ್ಲದೆ ಬೇರೆ ಆಸೆ ಅವರಿಗಿರಲಿಲ್ಲ. ಅವರನ್ನು ಹುಚ್ಚರೆಂದು ಜರೆದವರ ಮಾತು ನಮಗೆ ಸಹನೆಯಾಗಲಿಲ್ಲ. ಅಭಿಮಾನಿಯ ಪ್ರೀತಿಯನ್ನು ಬೇಕೆನ್ನುವವರು ಅವನು ನಿಲ್ಲಲು ಜಾಗವನ್ನೂ ಮನೆಗೆ ಮರಳಲು ದಾರಿಯನ್ನೂ ಮೊದಲೇ ಯೋಚಿಸಿರಬೇಕು. ಜನಜಂಗುಳಿ ಕಂಡಲ್ಲಿ ನುಗ್ಗಬೇಡಿರೆಂದು ನಿಮ್ಮ ತಾಯಂದಿರು ಹೇಳಿದರೆ ಮುಖ ಸಿಂಡರಿಸಬೇಡಿರಿ. ಈ ನಗರದಲ್ಲಿ ದಾದರದ ಸೇತುವೆಯನ್ನು ಸಂಜೆಯ ಹೊತ್ತು ಹತ್ತಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಬರುವ ಋತುವಿಗಾಗಿ ನಮ್ಮದೊಂದು ಏರ್ಪಾಡಿದೆ. ಆಟದ ಸಾಮಾನುಗಳ ಕಪಾಟಿನಲ್ಲಿ ದೊಡ್ಡದೊಂದು ಸ್ಕೋರುಪುಸ್ತಕವನ್ನು ಇರಿಸಿದ್ದೇವೆ. ಶಾಲೆಯ ಪಂದ್ಯಗಳಲ್ಲಿ ಪ್ರತಿಯೊಂದು ಚೆಂಡನ್ನೂ ಅದರಲ್ಲಿ ಗುರುತಿಸತಕ್ಕದ್ದು. ಕೆಂಪಿನವನೊಬ್ಬ, ನೀಲಿಯವನೊಬ್ಬ ಒಂದೇ ಬೆಂಚಿನ ಮೇಲೆ ಕುಳಿತು ಬರೆಯಬೇಕು. ಇಬ್ಬರ ಸಹಿಯೂ ಬೇಕು. ಹೆಸರು ಕೊಡುವವರು ಶನಿವಾರ ಮಧ್ಯಾಹ್ನದೊಳಗೆ ಕೊಡಲಿ. ಪೆನ್ಸಿಲು ತಾವೇ ತರಬೇಕು.