ಒಂದು ಮೊಳದ ಅಂತರ

ಪೀಣ್ಯದ ಕೈಗಾರಿಕಾ ಪ್ರದೇಶಕ್ಕೆ ಹೊಂದಿಕೊಂಡ ಕಾಲೇಜೊಂದರಲ್ಲಿ ನಾನು ಕನ್ನಡ ಪಾಠ ಹೇಳುವವನು. ಫೋನಿನ ವಿಚಾರದಲ್ಲಿ ನನ್ನ ಪಾಂಡಿತ್ಯ ಅಷ್ಟಕ್ಕಷ್ಟೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಆದರೂ ಈ ನಾಲ್ಕು ಮಾತನ್ನು ಬರೆಯದೆ ಇರಲಾರೆ.

ಜನಪದ ಗೀತೆಗಳನ್ನು ಸಂಗ್ರಹಿಸಿ ತರುವಂತೆ ವಿದ್ಯಾರ್ಥಿಗಳಿಗೆ ಹೇಳಿದ್ದೆ. ರಾಯಚೂರು ಸೀಮೆಯಿಂದ ಬಂದು ಇಲ್ಲಿಯ ಗಾರ್ಮೆಂಟ್ಸಿನಲ್ಲಿ ದುಡಿಯುವ ತಾಯಿಯೊಬ್ಬರು ಮಗಳಿಗಾಗಿ ಬೀಸುವ ಕಲ್ಲಿನ ಪದ ಹಾಡಿದರು. ಅದನ್ನು ಚಿತ್ರೀಕರಿಸಿದವಳು ಮಗಳ ಗೆಳತಿ. ಅವಳ ಫೋನು ಬೆಲೆಯುಳ್ಳದ್ದು. ಮರುದಿನ ಇಬ್ಬರೂ ಒಂದೇ ಬೆಂಚಿನಲ್ಲಿ ಕುಳಿತಿದ್ದರು. ಎರಡು ಫೋನುಗಳ ನಡುವೆ ಒಂದು ಮೊಳದ ಅಂತರ. ತಾಯಿಯ ಹಾಡು ಮಾತ್ರ ಅಷ್ಟು ದೂರವನ್ನು ದಾಟಲಾರದೆ ಹೋಯಿತು. “ಅದು ಬೇರೆ ಜಾತಿ ಫೋನು ಸಾರ್, ಇದಕ್ಕೂ ಅದಕ್ಕೂ ಕೊಟ್ಟು ತರೋದಿಲ್ಲ” ಎಂದಳು ಹುಡುಗಿ. ನಗುತ್ತಲೇ ಹೇಳಿದಳು, ನನಗೆ ನಗು ಬರಲಿಲ್ಲ.

ವಾಟ್ಸಾಪಿನಲ್ಲಿ ವಿಡಿಯೊ ಆಗಿ ಕಳುಹಿದರೆ ಚಿತ್ರ ಕುಗ್ಗಿ ಮಸುಕಾಗುತ್ತದೆ. ಇದ್ದಂತೆಯೇ ಕಳುಹಲು ದಾರಿಯುಂಟು. ಆದರೆ ಆ ಬಡ ಹುಡುಗಿಯ ಅಂದಿನ ಡೇಟಾ ಮುಗಿದಿತ್ತು. ಪಕ್ಕದವರಿಗೆ ಕೊಡುವ ವಸ್ತುವನ್ನು ಯಾವುದೋ ದೂರದ ಸರ್ವರಿಗೆ ಹೊತ್ತುಹಾಕಿ ಮರಳಿ ಇಳಿಸಿಕೊಳ್ಳಬೇಕೆಂಬುದು ಎಂಥ ಸೋಜಿಗ!

ಆಪಲ್ ಸಂಸ್ಥೆಯ ಏರ್‌ಡ್ರಾಪ್ 2011ರಲ್ಲಿ ಬಂದಿತು. ಗೂಗಲಿನವರು 2020ರಲ್ಲಿ ತಂದದ್ದಕ್ಕೆ ಈಗ ಕ್ವಿಕ್ ಶೇರ್ ಎಂದು ಹೆಸರು. ಎರಡರ ಕಾರ್ಯಕ್ರಮವೂ ಹೆಚ್ಚುಕಡಿಮೆ ಒಂದೇ: ಬ್ಲೂಟೂತ್ ನೆರೆಯ ಫೋನನ್ನು ಪತ್ತೆ ಮಾಡುತ್ತದೆ, ವೈಫೈ ಸರಕನ್ನು ನೇರವಾಗಿ ಹೊರುತ್ತದೆ. ಅಂತರ್ಜಾಲದ ಹಂಗೇ ಇಲ್ಲ. ಆದರೂ 2025ರವರೆಗೆ ಒಂದರ ನುಡಿ ಇನ್ನೊಂದಕ್ಕೆ ತಿಳಿಯುತ್ತಿರಲಿಲ್ಲ. ಮೊದಲು ನಮ್ಮ ಹುಡುಗರು ಶೇರ್‌ಇಟ್ ಬಳಸುತ್ತಿದ್ದರು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳಲ್ಲಿ ಅದೂ ಹೋಯಿತು.

ಕನ್ನಡಿಗರಿಗೆ ಈ ಪೇಚು ಹೊಸತಲ್ಲ. ಯೂನಿಕೋಡ್ ರೂಢಿಗೆ ಬರುವ ಮುನ್ನ ಶ್ರೀಲಿಪಿಯಲ್ಲಿ ಬೆರಳಚ್ಚಾದ ಲೇಖನವನ್ನು ನುಡಿಯಲ್ಲಿ ತೆರೆದರೆ ಒತ್ತು ಒಂದು ಕಡೆ, ಕೊಂಬು ಒಂದು ಕಡೆ ಚೆಲ್ಲಾಪಿಲ್ಲಿಯಾಗುತ್ತಿದ್ದುವು. ಅದೆಷ್ಟು ಸಂಜೆಗಳನ್ನು ನಾನು ಆ ಅಕ್ಷರಗಳನ್ನು ಆಯುವುದರಲ್ಲಿ ಕಳೆದೆನೋ! ಎಲ್ಲರೂ ಒಂದೇ ಸಂಕೇತಕ್ಕೆ ಒಪ್ಪಿದ ಮೇಲೆ ಆ ಪೀಡೆ ಬಹುಮಟ್ಟಿಗೆ ತೊಲಗಿತು.

ಫೋನಿನ ಗೋಡೆಯೂ ತಂತ್ರಜ್ಞಾನ ಕಟ್ಟಿದ್ದಲ್ಲ, ವ್ಯಾಪಾರ ಕಟ್ಟಿದ್ದು. 2025ರ ನವೆಂಬರ್‌ನಲ್ಲಿ ಗೂಗಲಿನವರು ಆಪಲಿನ ನೆರವಿಲ್ಲದೆಯೇ ಪಿಕ್ಸೆಲ್ 10 ಫೋನುಗಳು ಏರ್‌ಡ್ರಾಪಿನೊಡನೆ ವ್ಯವಹರಿಸುವಂತೆ ಮಾಡಿದ್ದು ಇದಕ್ಕೆ ಸಾಕ್ಷಿ. ಆದರೆ ಪಿಕ್ಸೆಲ್ ಕೊಳ್ಳುವ ತ್ರಾಣ ಪೀಣ್ಯದ ಎಷ್ಟು ಬಾಡಿಗೆ ಮನೆಗಳಿಗಿದೆ? ಯೂರೋಪ್ ಒಕ್ಕೂಟ 2022ರಲ್ಲಿ ಒಂದೇ ಬಗೆಯ ಚಾರ್ಜರಿಗೆ ಕಾನೂನು ಮಾಡಿತು. 2023ರ ಐಫೋನ್ 15 ಅದಕ್ಕೆ ತಲೆಬಾಗಿಯೇ ಬಂದಿತು. ಇಷ್ಟು ದೊಡ್ಡ ಮಾರುಕಟ್ಟೆಯಾದ ನಮ್ಮ ದೇಶ ಹಾಡು ದಾಟುವುದಕ್ಕೂ ಅಂಥದೊಂದು ಕಟ್ಟಳೆಯನ್ನು ಕೇಳಬಾರದೇಕೆ?

ಕೊನೆಗೆ ಯಾರೋ ಹುಡುಗ ಲೋಕಲ್‌ಸೆಂಡ್ ಎಂಬ ಉಚಿತ ಆ್ಯಪ್ ತೋರಿಸಿದ. ಅದನ್ನು ಇಳಿಸಿಕೊಳ್ಳಲು ಡೇಟಾ ನನ್ನದು. ಎರಡು ಫೋನುಗಳನ್ನೂ ನನ್ನ ಹಾಟ್‌ಸ್ಪಾಟಿಗೆ ಸೇರಿಸಿದೆವು, ಹಾಡು ದಾಟಿತು. ಸಂಜೆ ಪಾಳಿ ಮುಗಿಸಿ ಬರುವ ಅವ್ವನಿಗೆ ಕೇಳಿಸುತ್ತೇನೆಂದು ಹುಡುಗಿ ಫೋನನ್ನು ಸೆರಗಿನಂತೆ ದುಪಟ್ಟದಲ್ಲಿ ಸುತ್ತಿಕೊಂಡು ಹೊರಟಳು.