ಏಕವಚನ

ತರಗತಿಯಲ್ಲಿ ವಚನಭೇದವನ್ನು ಪಾಠ ಹೇಳುವಾಗಲೆಲ್ಲ ನನಗೆ ಕ್ಯಾತ್ಸಂದ್ರದ ಟೆಲಿಫೋನ್ ಬೂತೊಂದು ನೆನಪಾಗುತ್ತದೆ. ಕಾರಣವನ್ನು ವಿದ್ಯಾರ್ಥಿಗಳಿಗೆ ಹೇಳುವಂತಿಲ್ಲ. ಓದುಗರಿಗೆ ಹೇಳಬಹುದೆಂದು ತೋರುತ್ತದೆ.

2003ನೆಯ ಇಸವಿ. ನಾನು ಪಿಯುಸಿ ಮೊದಲ ವರ್ಷದಲ್ಲಿದ್ದೆ, ಆಕೆಯೂ. ಬೆಳಿಗ್ಗೆ ತಟ್ಟೆ ಇಡ್ಲಿಯ ಹೋಟೆಲುಗಳ ಹಬೆ ಬೀದಿಗೆ ಹರಿಯುವ ಹೊತ್ತಿಗೆ ಇಬ್ಬರೂ ತುಮಕೂರಿನ ಬಸ್ಸಿಗಾಗಿ ಬಿ.ಎಚ್. ರಸ್ತೆಯಲ್ಲಿ ನಿಲ್ಲುತ್ತಿದ್ದೆವು. ಆಕೆ ಮುಂದಿನ ಬಾಗಿಲಿಗೆ, ನಾನು ಹಿಂದಿನದಕ್ಕೆ. ‘ನೋಟ್ಸ್ ಕೊಡ್ತೀರಾ?’ ‘ತಗೊಳ್ಳಿ’ – ಮಾತು ಅಲ್ಲಿಗೆ ಮುಗಿಯುತ್ತಿತ್ತು. ವರ್ಷ ತುಂಬುತ್ತ ಬಂದರೂ ನಾವು ಬಹುವಚನವನ್ನು ದಾಟಿರಲಿಲ್ಲ.

ಆ ಫೆಬ್ರವರಿ 15ರಂದು ಲಂಡನ್, ರೋಮ್ ಮೊದಲಾದ ನೂರಾರು ನಗರಗಳಲ್ಲಿ ಲಕ್ಷಾಂತರ ಜನ, ಇರಾಕಿನ ಮೇಲೆ ಯುದ್ಧ ಬೇಡವೆಂದು ಬೀದಿಗಿಳಿದರು. ಪತ್ರಿಕೆಯ ಚಿತ್ರಗಳನ್ನು ಕಂಡು ನಮಗೂ ಆವೇಶ ಬಂದಿತು. ಮೂವತ್ತು ನಲವತ್ತು ಹುಡುಗರು ಟೌನ್‌ಹಾಲ್ ವೃತ್ತದವರೆಗೆ ಮೆರವಣಿಗೆ ಹೊರಟೆವು. ರಟ್ಟಿನ ಮೇಲೆ ಕೆಂಪು ಶಾಯಿಯಿಂದ ‘ಎಣ್ಣೆಗಾಗಿ ರಕ್ತವೇ?’ ಎಂದು ಬರೆದವನು ನಾನೇ. ಬಾಗ್ದಾದು ಭೂಪಟದಲ್ಲಿ ಎಲ್ಲಿದೆಯೆಂಬುದು ನನಗೆ ಸರಿಯಾಗಿ ತಿಳಿದಿರಲಿಲ್ಲ. ಆಕೆ ಕಾಲೇಜಿನ ಯಾವ ಮೆಟ್ಟಿಲ ಮೇಲೆ ನಿಂತಿರುವಳೆಂಬುದು ಚೆನ್ನಾಗಿ ತಿಳಿದಿತ್ತು. ರಟ್ಟನ್ನು ಆ ಕಡೆಗೇ ತಿರುಗಿಸಿ ಹಿಡಿದೆ. ಆಕೆ ಓದಿದಳು; ಮುಖ ತಿರುಗಿಸಿ ಒಳಗೆ ಹೋದಳು. ಎಂಥ ಹೃದಯಹೀನೆ ಎಂದುಕೊಂಡೆ.

ಮಾರ್ಚ್ 20ರ ಬೆಳಿಗ್ಗೆ ಯುದ್ಧ ಆರಂಭವಾಯಿತು. ಸಂಜೆ ಆ ದಾರಿಯಲ್ಲಿ ಬರುತ್ತಿರುವಾಗ ಬೂತಿನ ಮುಂದಿನ ಬೆಂಚಿನ ಮೇಲೆ ಆಕೆ, ಆಕೆಯ ತಾಯಿ ಕುಳಿತಿದ್ದರು. ಬೂತಿನವನು ಮೆಲ್ಲಗೆ ಹೇಳಿದ. ತಂದೆ ಕುವೈತ್‌ನಲ್ಲಿ ಡ್ರೈವರು. ಇರಾಕ್ ಅತ್ತ ಕ್ಷಿಪಣಿ ಹಾರಿಸಿದೆಯೆಂದು ಟೀವಿಯಲ್ಲಿ ಬಂದಿತ್ತು. 1990ರಲ್ಲಿಯೂ ಅವರು ಅಲ್ಲಿಯೇ ಸಿಲುಕಿದ್ದರಂತೆ. ಆಗ ವಿಮಾನಗಳು ಹೊತ್ತು ತಂದ ಸುಮಾರು 1 ಲಕ್ಷ 70 ಸಾವಿರ ಭಾರತೀಯರಲ್ಲಿ ಒಬ್ಬರಾಗಿ, ಅಮ್ಮಾನ್ ಮಾರ್ಗವಾಗಿ ಬರಿಗೈಯಲ್ಲಿ ಊರು ಸೇರಿದ್ದರಂತೆ. ಸಾಲ ತೀರಲಿಲ್ಲ, ಮತ್ತೆ ಹೋಗಿದ್ದರು.

ಇಲ್ಲಿ ರಾತ್ರಿ ಎಂಟಾದರೆ ಅಲ್ಲಿ ಐದೂವರೆ. ಕೆಲಸ ಬಿಟ್ಟ ಮೇಲೆ ಕರೆ ಬರಬೇಕು. ಎಂಟು ದಾಟಿದ ಮೇಲೆ ಬಂದಿತು. ಆಕೆ ಓಡಿ ರಿಸೀವರು ಎತ್ತಿದಳು. ಸುಮ್ಮನಿರಲಾರದೆ ನಾನು ತಾಯಿಗೆ ಧೈರ್ಯ ಹೇಳತೊಡಗಿದ್ದೆ: ‘ಇಡೀ ಜಗತ್ತೇ ಈ ಯುದ್ಧವನ್ನು ವಿರೋಧಿಸ್ತಿದೆ, ಅಮ್ಮಾ...’ ಆಕೆ ಅಂಗೈಯಿಂದ ರಿಸೀವರನ್ನು ಮುಚ್ಚಿ ನನ್ನತ್ತ ತಿರುಗಿದಳು.

‘ಸುಮ್ಮನಿರು. ಅಪ್ಪನ ದನಿ ಕೇಳಿಸ್ತಿಲ್ಲ.’

ಅಲ್ಲಿ ಸೈರನ್ ಕೂಗಿತೆಂದು ಅವರು ಮಾತನ್ನು ಅರ್ಧಕ್ಕೇ ನಿಲ್ಲಿಸಿದರು. ಆಕೆಯ ಕಣ್ಣು ತುಂಬಿತ್ತು. ನನ್ನ ಕಿವಿಯಲ್ಲಿ ಮಾತ್ರ, ನಾಚಿಕೆಯಿಂದಲೇ ಒಪ್ಪುತ್ತೇನೆ, ‘ಇರು’ ಎಂಬ ಆ ಕ್ರಿಯಾಪದ ಮೊಳಗುತ್ತಿತ್ತು.

ಮುಂದಿನ ಸಂಜೆಗಳಲ್ಲಿ ಬೆಂಚಿನ ತುದಿಯಲ್ಲಿ ನಾನೂ ಕುಳಿತೆ. ಬಾಯಿಂದ ಘೋಷಣೆ ಹೊರಡಲಿಲ್ಲ. ಏಪ್ರಿಲ್ 8ರಂದು ನಮ್ಮ ಲೋಕಸಭೆಯೂ ನಿರ್ಣಯ ಮಾಡಿತು. ಹಿಂದಿಯಲ್ಲಿ ‘ನಿಂದಾ’ ಎಂದೂ ಇಂಗ್ಲಿಷಿನಲ್ಲಿ ಅದಕ್ಕಿಂತ ಮೆದುವಾದ ಪದವನ್ನೂ ಇಟ್ಟಿತು. ಭಾಷೆಯ ಮೇಷ್ಟ್ರಿಗೆ ಅದೊಂದು ಸ್ವಾರಸ್ಯ. ಅಂದು ಬೆಂಚಿನ ಮೇಲಿದ್ದ ನಮಗೆ ಅದರ ಪರಿವೆಯೇ ಇರಲಿಲ್ಲ.

ಜೂನ್‌ನಲ್ಲಿ ತಂದೆ ಬಂದರು. ಬೆಂಗಳೂರಿನಲ್ಲಿ ಬಾಡಿಗೆ ಕಾರು ಓಡಿಸುವುದೆಂದು ನಿಶ್ಚಯವಾಗಿ ಸಂಸಾರವೆಲ್ಲ ಹೊರಟಿತು. ಕ್ಯಾತ್ಸಂದ್ರದ ರೈಲು ನಿಲ್ದಾಣಕ್ಕೆ ಹೋಗಿದ್ದೆ. ತೆಳ್ಳನೆಯ ಆ ಮನುಷ್ಯ ನನ್ನ ಹೆಗಲ ಮೇಲೆ ಕೈಯಿಟ್ಟು, ಬೂತಿಗೆ ಬರುತ್ತಿದ್ದ ಹುಡುಗ ನೀನೇನಪ್ಪಾ ಎಂದು ಕೇಳಿದರು. ಆಕೆ ಕಿಟಕಿಯ ಬಳಿ ಕುಳಿತಿದ್ದಳು. ಗಾಡಿ ಕದಲಿತು.

‘ಚೆನ್ನಾಗಿ ಓದಿ’ ಎಂದಳು. ತಂದೆ ಪಕ್ಕದಲ್ಲಿಯೇ ಇದ್ದರು.